ಪಾಡ್ಯದ ಕೀಲಿಕೈ

ಗೋಕಾಕದ ನಮ್ಮ ತವರುಮನೆಯ ಮುಂದಿನ ಅಂಗಡಿಯನ್ನು ಒಬ್ಬ ಟೇಲರ್ ಬಾಡಿಗೆಗೆ ಹಿಡಿದಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ನನ್ನ ಶಾಲೆಯ ಅಂಗಿಯಿಂದ ಮದುವೆಯ ಜಂಪರಿನ ತನಕ ಹೊಲಿದವರು ಅವರೇ. ದೀಪಾವಳಿ ಅಮಾವಾಸ್ಯೆಯ ಪೂಜೆ ಮುಗಿಸಿ ಅವರು ಕೀಲಿಕೈ ತಂದು ಅವ್ವನಿಗೆ ಕೊಡುವುದು, ಮರುದಿನ ಪಾಡ್ಯಕ್ಕೆ ಅವ್ವ ಶಟರ್ ಎತ್ತಿಕೊಡುವುದು, ನಾನು ಹುಟ್ಟುವ ಮೊದಲಿನಿಂದಲೂ ನಡೆದ ಪದ್ಧತಿ. ಅವ್ವನ ಕೈಗುಣ ಒಳ್ಳೆಯದೆಂದು ಅವರ ನಂಬಿಕೆ. ಮಕ್ಕಳಾದ ನಮಗೆ ಆ ಕೈಯಿಂದ ಸಿಕ್ಕದ್ದು ಬರೀ ಏಟು.

ಅಪ್ಪ ತೀರಿಕೊಂಡ ವರ್ಷ ಅಣ್ಣನಿಗೆ ಆ ಜಾಗ ಮೊಬೈಲ್ ಅಂಗಡಿಗೆ ಬೇಕಾಯಿತು. ಕಾಕಾ ಬಿಡಲಿಲ್ಲ. ಆದರೂ ಅಮಾವಾಸ್ಯೆಗೆ ಕೀಲಿಕೈ ತಂದರು. "ಅಕ್ಕಾರ, ನಾಳೆ ಲಗೂನ ಬರ್ರಿ" ಅಂದರು. ಹಬ್ಬಕ್ಕೆ ಬಂದಿದ್ದ ನಾನು ಅಲ್ಲೇ ಇದ್ದೆ. ಅವರು ಹೋದ ಮೇಲೆ ಅಣ್ಣ ಅವ್ವನ ಕೈಯಿಂದ ಅದನ್ನು ಕಸಿದುಕೊಂಡು, ಶಟರಿಗೆ ತನ್ನದೇ ಬೀಗ ಜಡಿದ.

ಕಾಕಾ ಕೋರ್ಟಿಗೆ ಹೋದರು. ದಾವೆ ತೀರುವವರೆಗೆ ಅಂಗಡಿ ತೆಗೆಯಲು ಅಡ್ಡಿ ಮಾಡಬಾರದೆಂದು ತಾತ್ಕಾಲಿಕ ತಡೆಯಾಜ್ಞೆ ಕೇಳಿದರು. ಮುಂದೆ ಮದುವೆಗಳ ಕಾಲ. ಅವರ ವರ್ಷದ ಅನ್ನವೆಲ್ಲ ಆ ತಿಂಗಳುಗಳಲ್ಲೇ ಹುಟ್ಟಬೇಕು. ಅವರು ಕೀಲಿಕೈ ಕೊಟ್ಟು ತಾವಾಗಿಯೇ ಜಾಗ ಬಿಟ್ಟರೆಂದು ಅಣ್ಣನ ವಾದ. ಅದಕ್ಕೆ ಅಫಿಡವಿಟ್ ಕೊಡಲು ಅವ್ವ ಒಪ್ಪಲಿಲ್ಲ. ಅಣ್ಣ ನನಗೆ ಗಂಟುಬಿದ್ದ.

"ಕೀಲಿಕೈ ಅವರ ತಂದು ಕೊಟ್ಟದ್ದು ನೋಡೀ ಇಲ್ಲ?"

"ನೋಡೇನಿ. ಹಬ್ಬಕ್ಕಂತ ಕೊಟ್ಟದ್ದು ಅದು."

"ಹಬ್ಬದ್ದು ಯಾರ ಕೇಳ್ಯಾರ?"

ತವರಿನ ಬಾಗಿಲು ಮುಚ್ಚೀತೆಂದು ಹೆದರಿದೆ. ಗಂಡನ ಊರು ಹುಕ್ಕೇರಿಯಿಂದ ಬಸ್ಸು ಹಿಡಿದು ಬಂದು ಸಹಿ ಮಾಡಿದೆ. ಅವ್ವನ ಕೈಗೆ ಅವರು ಕೀಲಿಕೈ ಕೊಟ್ಟದ್ದನ್ನು ಕಣ್ಣಾರೆ ಕಂಡೆ ಎಂದಷ್ಟೇ ಅದರಲ್ಲಿತ್ತು. ಒಂದಕ್ಷರವೂ ಸುಳ್ಳಲ್ಲ. ಅಷ್ಟು ನಾಚಿಕೆಗೆಟ್ಟ ಸತ್ಯವನ್ನು ನಾನು ಮತ್ತೆಂದೂ ಹೇಳಿಲ್ಲ.

ಅಣ್ಣ ಅವರ ಬೀಗ ಒಡೆದನೆಂದು ಬರೆಯೋಣ ಎಂದು ಕಾಕಾನ ವಕೀಲರು ಹೇಳಿದ್ದರಂತೆ. ಕಾಕಾ ಸುಳ್ಳು ಬೇಡವೆಂದರಂತೆ. ಹಬ್ಬದ ಪದ್ಧತಿಗೆ ಕಾಗದವೆಲ್ಲಿಂದ ತರಬೇಕು? ಜಾಗ ಅವರ ವಶದಲ್ಲಿದ್ದಂತೆ ಮೇಲ್ನೋಟಕ್ಕೆ ಕಾಣುವುದಿಲ್ಲವೆಂದು ಅರ್ಜಿ ವಜಾ ಆಯಿತು. ಮೂಲ ದಾವೆಗೆ ಇನ್ನೂ ತಾರೀಖು ಬೀಳುತ್ತಲೇ ಇದೆ.

ಆದೇಶವಾದ ದಿನ ಕೋರ್ಟಿನ ಮೆಟ್ಟಿಲ ಹತ್ತಿರ ಕಾಕಾ ಎದುರಾದರು. ಹೊಲಿಗೆ ಮಷೀನನ್ನು ಘೋಡಗೇರಿಯ ತಮ್ಮ ಮನೆಗೆ ಒಯ್ಯಲು ಗಾಡಿ ಹುಡುಕುತ್ತಿದ್ದರು. "ಕಾಕಾ" ಎಂದೆ.

"ನೀ ಬರಸಿದ್ದು ಖರೆ ಐತಿ, ತಂಗಿ" ಎಂದರು. "ಖರೇದ್ದಕ್ಕ ನಾ ಏನ್ ಎದುರು ಹೇಳ್ಲಿ?"

ಬೈದಿದ್ದರೆ ಅಲ್ಲೇ ಅತ್ತು ಹಗುರಾಗುತ್ತಿದ್ದೆ.