ಗಾಜಿನ ಮೇಸ್ತ್ರಿಯ ‘ಸ್ಸ್’

ಗಾಜಿನ ಅಂಗಡಿಯಲ್ಲಿ ಯಾರೂ ಕೂಗುವ ಹಾಗಿಲ್ಲ. ಆಳೆತ್ತರದ ಗಾಜಿನ ಹಾಳೆಯನ್ನು ಇಬ್ಬರು ಎತ್ತಿಕೊಂಡು ಬರುತ್ತಿರುವಾಗ ಹಿಂದಿನಿಂದ ಯಾರಾದರೂ ‘ಏಯ್!’ ಎಂದರೆ ಕಥೆ ಮುಗಿಯಿತು. ಬೆಚ್ಚಿದವನ ಕೈ ಸಡಿಲವಾಗಿ ಹಾಳೆ ಅವನ ಪಾದದ ಮೇಲೆಯೇ ಇಳಿಯುತ್ತದೆ. ಹಾಗಾಗಿ ಆ ಅಂಗಡಿಯವರು ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು ‘ಸ್ಸ್’ ಅನ್ನುತ್ತಾರೆ. ಆ ಸದ್ದು ಕಿವಿಗೆ ಬಿದ್ದರೆ ಇದ್ದವರು ಇದ್ದಲ್ಲೇ ನಿಲ್ಲಬೇಕು. ಯಾಕೆ, ಏನು, ಎತ್ತ ಎಂದು ಯೋಚಿಸಬಾರದು. ಯೋಚಿಸುವಷ್ಟರಲ್ಲಿ ಕೈ ಕುಯ್ದಿರುತ್ತದೆ.

ನಮ್ಮ ಗಾಜಿನ ಮೇಸ್ತ್ರಿ ಈ ವಿದ್ಯೆಯಲ್ಲಿ ಪಳಗಿದವನು. ಗಾಜಿಗೆ ಗೀರು ಹಾಕುವಾಗ ಕಟ್ಟರ್ ಕೂದಲೆಳೆಯಷ್ಟು ವಾಲಿದರೂ, ಅಂಗಡಿಯ ಆ ಮೂಲೆಯಿಂದಲೇ ‘ಸ್ಸ್’ ಬರುತ್ತಿತ್ತು. ಅವನ ಕೈಕೆಳಗೆ ದುಡಿದವರ ಹತ್ತು ಬೆರಳೂ ಹತ್ತಾಗಿಯೇ ಉಳಿದಿವೆ ಎಂದು ಬೀದಿಯವರು ಹೇಳುತ್ತಿದ್ದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ಯಾರ ತಂಟೆಗೂ ಹೋಗದ ಮನುಷ್ಯ. ಇಂಥವನಿಂದ ಒಂದು ಮಗುವಿಗೆ ಕೇಡಾದೀತು ಎಂದು ಯಾರು ತಾನೇ ಎಣಿಸುತ್ತಾರೆ? ನಾನಂತೂ ಎಣಿಸಿರಲಿಲ್ಲ.

ಅವನಿಗೆ ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರಿಗೂ ಅವಳು ಗುಬ್ಬಿ. ಅವಳಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಬರುವಾಗ ದೀಪ ಹತ್ತಿರುತ್ತಿತ್ತು. ಹಾಗಾಗಿ ಸಂಜೆಯೆಲ್ಲ ಅಪ್ಪ ಮತ್ತು ಮಗಳದೇ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಚಾಪೆ ಹಾಸಿ ಇಬ್ಬರೂ ಆಡಲು ಕೂರುತ್ತಿದ್ದರು. ಮೇಸ್ತ್ರಿ ಮಗಳಿಗೆ ಒಂದೇ ಒಂದು ಏಟು ಕೊಟ್ಟವನಲ್ಲ, ಗದರಿದವನೂ ಅಲ್ಲ. ಕೈಯಲ್ಲಿನ ಲೋಟ ವಾಲಿದರೆ ‘ಸ್ಸ್’. ಮೆಟ್ಟಿಲ ಅಂಚಿಗೆ ಕಾಲಿಟ್ಟರೆ ‘ಸ್ಸ್’. ನೀಲಿ ಆಕಾಶಕ್ಕೆ ಹಸಿರು ಬಣ್ಣ ಹಚ್ಚಲು ಹೋದರೂ ‘ಸ್ಸ್’. ಬಣ್ಣದಿಂದ ಯಾರ ಬೆರಳೂ ಕುಯ್ಯುವುದಿಲ್ಲ. ಆದರೆ ಆ ಉಸಿರು ಅವನನ್ನು ಕೇಳಿ ಹೊರಡುತ್ತಿರಲಿಲ್ಲ.

ಅವನೇ ಮರದ ಹಲಗೆಯಲ್ಲಿ ದುಂಡು, ಚೌಕ, ಎಲೆ, ಮೀನು ಎಂದು ಗುಳಿ ಕೊರೆದು, ಅವುಗಳಲ್ಲಿ ಕೂರುವ ತುಂಡುಗಳನ್ನೂ ಮಾಡಿಕೊಟ್ಟಿದ್ದ. ಗುಬ್ಬಿ ಅದನ್ನು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಜೋಡಿಸಿಬಿಡುತ್ತಿದ್ದಳು. ಮೇಸ್ತ್ರಿಯ ಎದೆ ಹಿಗ್ಗುತ್ತಿತ್ತು. ಬಂದವರ ಮುಂದೆಲ್ಲ ಹಲಗೆ ತರಿಸುತ್ತಿದ್ದ.

“ನೋಡ್ತಾ ಇರಿ, ತಲೆ ಅಂದ್ರೆ ಹೀಗಿರಬೇಕು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಇದು,” ಅನ್ನುತ್ತಿದ್ದ.

ಹೆತ್ತವರಿಗೆ ಹೆಗ್ಗಣವೂ ಮುದ್ದು. ಗುಬ್ಬಿಯಂತೂ ನಿಜಕ್ಕೂ ಮುದ್ದಾಗಿದ್ದಳು, ಯಾರೂ ಏನೂ ಅನ್ನಲಿಲ್ಲ.

ಐದು ತುಂಬಿದ ಮೇಲೆ ಬಾಲವಾಡಿಯ ಟೀಚರ್ ಅವನನ್ನು ಕರೆಸಿದಳು. ತಲೆ ನರೆತ, ಮಕ್ಕಳ ಜೊತೆ ನೆಲದ ಮೇಲೆಯೇ ಕೂರುವ ಹೆಂಗಸು. ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ.

“ಇವಳನ್ನ ಈ ಸಲ ಒಂದನೇ ಕ್ಲಾಸಿಗೆ ಕಳಿಸೋದು ಬೇಡ ಅನ್ನಿಸ್ತಿದೆ ನಂಗೆ. ಏನು ಕೊಟ್ಟರೂ ಶುರುನೇ ಮಾಡಲ್ಲ. ಸುಮ್ನೆ ನನ್ನ ಮುಖ ನೋಡ್ತಾಳೆ.”

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. “ನನ್ನ ಮಗಳಾ? ಮೇಡಂ, ನೀವು ಬೇರೆ ಯಾರನ್ನೋ ಹೇಳ್ತಿದ್ದೀರ. ಹಲಗೆ ಕೊಡಿ ಅವಳಿಗೆ, ಈಗಲೇ ನೋಡೋಣ.”

ಟೀಚರ್ ಶಾಲೆಯದೇ ಒಂದು ಹಲಗೆ ತಂದಳು. ಗುಬ್ಬಿ ಅದನ್ನು ಹಿಂದೆ ಮನೆಯಲ್ಲಿ ಕಂಡಿರಲಿಲ್ಲ. ಅಪ್ಪ ಬೀರುವಿಗೆ ಒರಗಿ ಅವಳ ಬೆನ್ನ ಹಿಂದೆ ನಿಂತ. ಮಗು ಒಂದು ತುಂಡು ತೆಗೆದು ಒಂದು ಗುಳಿಯ ಮೇಲೆ ಹಿಡಿಯಿತು, ಇಡಲಿಲ್ಲ. ಕೈ ಪಕ್ಕದ ಗುಳಿಯ ಮೇಲೆ ಸರಿಯಿತು, ಆಮೇಲೆ ಅದರಾಚೆಗೆ. ಬಿಸಿ ಪಾತ್ರೆಯ ಮೇಲೆ ಅಂಗೈ ಆಡಿಸಿ ನೋಡುವ ಹಾಗಿತ್ತು ಅದು. ನಡುನಡುವೆ ತಡೆದು, ಮತ್ತೆ ಸಾಗಿ, ಒಂದೆಡೆ ನಿಂತು ತುಂಡನ್ನು ಬಿಟ್ಟಿತು. ಅದು ಟಕ್ಕನೆ ಕೂತಿತು. ಹಾಗೆಯೇ ಹಲಗೆ ಪೂರ್ತಿಯಾಯಿತು.

“ನೋಡಿದ್ರಾ?” ಎಂದ ಮೇಸ್ತ್ರಿ, ಮೀಸೆ ಮೇಲೆ ಕೈ ಹಾಕದಿದ್ದದ್ದೇ ಹೆಚ್ಚು.

“ನೋಡಿದೆ. ಆದ್ರೆ ಮಾಡಿದ್ದು ಯಾರು?”

ಅವನಿಗೆ ಮಾತು ಅರ್ಥವಾಗಲಿಲ್ಲ. ಟೀಚರ್ ಒಂದು ಲೋಟ ನೀರು ತಂದು ಅವನ ಕೈಗಿಟ್ಟಳು.

“ಇದನ್ನ ಬಾಯಲ್ಲಿ ತುಂಬ್ಕೊಳ್ಳಿ. ನುಂಗಬೇಡಿ. ನಾನು ಇನ್ನೊಂದು ಹಲಗೆ ಕೊಡ್ತೀನಿ.”

ಕೆನ್ನೆ ಉಬ್ಬಿಸಿಕೊಂಡು ನಿಂತ ಮೇಸ್ತ್ರಿಯನ್ನು ನೋಡಿದವರು ಯಾರಾದರೂ ನಗಬೇಕಿತ್ತು. ಗುಬ್ಬಿ ತುಂಡು ತೆಗೆದಳು. ಒಂದು ಗುಳಿಯ ಮೇಲೆ ಹಿಡಿದಳು. ಸದ್ದಿಲ್ಲ. ಇನ್ನೊಂದರ ಮೇಲೆ ಹಿಡಿದಳು. ಸದ್ದಿಲ್ಲ. ಕೈ ಎಲ್ಲ ಗುಳಿಗಳ ಮೇಲೂ ಒಂದು ಸುತ್ತು ಬಂದು ಗಾಳಿಯಲ್ಲೇ ನಿಂತಿತು. ತಪ್ಪಾದ ಗುಳಿಯ ಮೇಲೆ ಬಂದಾಗಲೆಲ್ಲ ಮೇಸ್ತ್ರಿಯ ಹಲ್ಲಿನ ಹಿಂದೆ ಉಸಿರು ಒಳಕ್ಕೆಳೆಯಲು ಹೋಗಿ ನೀರು ಗಂಟಲಿಗೆ ನುಗ್ಗುತ್ತಿತ್ತು. ಆಗಷ್ಟೇ ಅವನಿಗೆ ತನ್ನ ಬಾಯಿ ಏನು ಮಾಡುತ್ತಿದೆ ಎಂಬುದು ಗೊತ್ತಾದದ್ದು. ಮಗು ಹಿಂತಿರುಗಿ ಅವನ ಮುಖ ನೋಡಿ, ತುಂಡನ್ನು ಮೆಲ್ಲಗೆ ಕೆಳಗಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿತು.

ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಅವನು ಹೇಳಿದ್ದು ಒಂದೇ ಮಾತು: “ನಾನು ಅವಳಿಗೆ ಒಂದೇಟೂ ಹೊಡೆದಿಲ್ಲ ಮೇಡಂ.”

“ಗೊತ್ತು. ಹೊಡೆದಿದ್ರೆ ಅಳ್ತಿದ್ಲು, ರಚ್ಚೆ ಹಿಡೀತಿದ್ಲು. ಇವಳು ಅದನ್ನೂ ಮಾಡಲ್ಲ,” ಎಂದಳು ಟೀಚರ್. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಮಗು ತಪ್ಪು ತುಂಡು ಇಡುತ್ತೆ, ಅದು ಕೂರಲ್ಲ. ತಿರುಗಿಸಿ ನೋಡುತ್ತೆ, ಆಗ್ಲೂ ಕೂರಲ್ಲ. ಆಮೇಲೆ ಇನ್ನೊಂದು ತಗೊಳ್ಳುತ್ತಲ್ಲ, ಬುದ್ಧಿ ಬೆಳೆಯೋದು ಆ ಹೊತ್ತಲ್ಲೇ. ನೀವು ಆ ಹೊತ್ತನ್ನೇ ಅವಳಿಗೆ ಬಿಟ್ಟಿಲ್ಲ. ನಿಮ್ಮ ಮುಖ ಓದೋದ್ರಲ್ಲಿ ಅವಳು ಪಂಡಿತೆ, ಬೇರೆ ಏನೂ ಓದೋಕೆ ಪುರುಸೊತ್ತಾಗಿಲ್ಲ. ಬೇಸಿಗೆ ರಜೆ ಮುಗಿಯೋವರೆಗೂ ನೋಡೋಣ, ಒಂದನೇ ಕ್ಲಾಸಿನ ಮಾತು ಆಮೇಲೆ,” ಎಂದಳು.

ಆ ದಿನದಿಂದ ಮೇಸ್ತ್ರಿ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡ. ಅಷ್ಟಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ, ಪಾಪ. ಗುಬ್ಬಿಗೆ ಅಪ್ಪನ ಮೌನ ‘ಸ್ಸ್’ಗಿಂತ ಭಯಂಕರವಾಗಿ ಕಂಡಿತು.

“ಅಪ್ಪಾ, ನನ್ ಮೇಲೆ ಸಿಟ್ಟಾ?”

“ಇಲ್ಲಮ್ಮ. ನೀನು ಆಡು.”

ಅವಳು ಅವನ ಹುಬ್ಬು ನೋಡತೊಡಗಿದಳು. ತಪ್ಪಿಗೆ ಹುಬ್ಬು ಕೂಡುತ್ತಿತ್ತು. ಅವನು ಮುಖ ತಿರುಗಿಸಿ ಕೂತ. ಅವಳು ಅವನ ಕಾಲಿನ ಹೆಬ್ಬೆರಳು ನೋಡಿದಳು. ಅದು ಮುದುಡುತ್ತಿತ್ತು! ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಸುಬಿನ ಗುಣ ಅದಕ್ಕಿಂತ ಹಟಮಾರಿ. ಸುಳಿವಿಗಾಗಿ ಮಗಳು ತನ್ನ ಮೈಯನ್ನೆಲ್ಲ ಹುಡುಕುತ್ತಿರುವುದನ್ನು ಕಂಡು ಅವನಿಗೆ ಹೇಸಿಗೆಯಾಯಿತು, ಅವಳ ಮೇಲಲ್ಲ, ತನ್ನ ಮೇಲೆ. ಹೆಂಡತಿಯ ಮುಂದೆ ಒಮ್ಮೆ ಹೇಳಿಯೂ ಬಿಟ್ಟ.

“ನನ್ ಮಗಳ ತಲೆ ನಾನೇ ಹಾಳು ಮಾಡಿದೆ ಕಣೇ.”

“ಹಾಗೆಲ್ಲ ಯಾಕೆ ಬಾಯಿಗೆ ಬಂದಿದ್ದು ಅಂತೀರಿ,” ಎಂದಳು ಅವಳು. ಆದರೆ ಅಲ್ಲ ಎಂದು ಹೇಳಲಿಲ್ಲ, ಅದು ಅವನಿಗೆ ನಾಟಿತು.

ಮನೆಯಲ್ಲಿ ಅದುಮಿಟ್ಟ ‘ಸ್ಸ್’ ಅಂಗಡಿಯಲ್ಲಿ ಬೇಕಾದಾಗ ಕೈಕೊಟ್ಟಿತು. ಒಂದು ಮಧ್ಯಾಹ್ನ ಜೊತೆಯ ಕೆಲಸಗಾರ ಕನ್ನಡಿಯ ಹಾಳೆಯನ್ನು ಮೇಜಿನ ಅಂಚಿಗೆ ತಂದು ಗೀರಿನ ಗುಂಟ ಮುರಿಯುತ್ತಿದ್ದ. ಗೀರು ಪೂರ್ತಿ ಬಿದ್ದಿಲ್ಲ ಎಂದು ಮೇಸ್ತ್ರಿಗೆ ಕಂಡಿತು. ಉಸಿರು ಹಲ್ಲಿನವರೆಗೆ ಬಂದು ಅಲ್ಲೇ ನಿಂತುಹೋಯಿತು. ಹಾಳೆ ಅಡ್ಡಾದಿಡ್ಡಿ ಸಿಡಿದು ಆ ಮನುಷ್ಯನ ಅಂಗೈ ಸೀಳಿತು. ಮೇಸ್ತ್ರಿಯೇ ರಕ್ತ ಒರೆಸಿ, ಬಟ್ಟೆ ಸುತ್ತಿ, ಹೊಲಿಗೆ ಹಾಕಿಸಿಕೊಂಡು ಬಂದ.

“ಯಾಕಣ್ಣಾ, ನಿನ್ ನಾಲಿಗೆ ಬಿದ್ದುಹೋಗಿತ್ತಾ?” ಎಂದು ಆಮೇಲೆ ಆ ಕೆಲಸಗಾರ ಕೇಳಿದ. ಮನೆಯಲ್ಲಿ ಬಾಯಿ ಬಿಟ್ಟು ಕೆಟ್ಟ ಮೇಸ್ತ್ರಿ, ಇಲ್ಲಿ ಬಾಯಿ ಮುಚ್ಚಿ ಕೆಟ್ಟ.

ಅಂದು ಮನೆಗೆ ಬಂದಾಗ ಅವನ ಅಂಗಿಯ ತೋಳಿನಲ್ಲಿ ಒಣಗಿದ ರಕ್ತದ ಕಲೆ. ಗುಬ್ಬಿ ಹಲಗೆ ಹಾಕಿಕೊಂಡು ಕೂತಳು. ಟೀಚರ್ ಕಳಿಸಿದ್ದ ಹೊಸ ಹಲಗೆ ಅದು, ತುಂಡುಗಳೆಲ್ಲ ಒಂದೇ ಬಣ್ಣ. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅವಳು ಒಂದು ತುಂಡು ತೆಗೆದು, ಅವನ ಮುಖ ನೋಡಿದಳು. ಕಾಲು ನೋಡಿದಳು. ಉಸಿರಿಗೆ ಏರಿಳಿಯುವ ಎದೆ ನೋಡಿದಳು. ತುಂಡನ್ನು ಕೆಳಗಿಟ್ಟು ಇನ್ನೊಮ್ಮೆ ಎತ್ತಿಕೊಂಡಳು. ಆಮೇಲೆ ಹಲಗೆಯ ಮೇಲೆ ಎರಡೂ ಅಂಗೈ ಅಡ್ಡ ಇಟ್ಟು ಹೇಳಿದಳು.

“ಅಪ್ಪಾ, ನೀನು ಆಚೆ ಹೋಗು.”

ಅವನು ಕಣ್ಣು ಬಿಟ್ಟ. “ಯಾಕೆ ಪುಟ್ಟಾ?”

“ನೀನಿದ್ರೆ ನಂಗೆ ಇದು ಕಾಣಲ್ಲ. ಬರೀ ನೀನೇ ಕಾಣ್ತೀಯ.”

ಹುಟ್ಟಿದಾಗಿನಿಂದ ಆ ಮಗು ಅಪ್ಪನಿಗೆ ಒಂದು ಮಾತೂ ಎದುರಾಡಿರಲಿಲ್ಲ. ಹೇಳಿದ ಮೇಲೆ ಹೆದರಿ ಅವಳ ತುಟಿ ಬಿಳಚಿಕೊಂಡಿತು. ಮೇಸ್ತ್ರಿ ಎದ್ದ. ಬೈದವರಿಲ್ಲ, ದೂಡಿದವರಿಲ್ಲ, ಆದರೂ ಅಷ್ಟು ಕಷ್ಟಪಟ್ಟು ಯಾವ ಹೊಸ್ತಿಲನ್ನೂ ಅವನು ದಾಟಿರಲಿಲ್ಲ. ಬಾಗಿಲನ್ನು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತ. ಕೆಳಗೆ ಸೈಕಲ್ ಅಂಗಡಿಯವನು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ.

ಬಹಳ ಹೊತ್ತು ಒಳಗಿನಿಂದ ಏನೂ ಕೇಳಲಿಲ್ಲ. ಆಮೇಲೆ ಮರಕ್ಕೆ ಮರ ತಾಗಿದ ಸದ್ದು. ಕೂರಲಿಲ್ಲ ಎಂದು ಅವನ ಕಿವಿಗೆ ಗೊತ್ತಾಯಿತು. ಮತ್ತೆ ತಾಗಿತು. ಈಗಲೂ ಕೂರಲಿಲ್ಲ. ಹಲ್ಲಿನ ಸಂದಿಗೆ ಉಸಿರು ಬಂದೇ ಬಂತು, ಅವನು ರಕ್ತದ ಕಲೆಯಿದ್ದ ತೋಳನ್ನೇ ಕಚ್ಚಿ ಹಿಡಿದ.

ಹೆಂಡತಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. “ಯಾಕ್ರೀ ಹೊರಗೆ ಕೂತಿದ್ದೀರ? ಗುಬ್ಬಿ ಎಲ್ಲಿ?”

“ಒಳಗಿದಾಳೆ. ಯೋಚನೆ ಮಾಡ್ತಿದಾಳೆ,” ಎಂದ. “ನಾನಿದ್ರೆ ಆಗಲ್ವಂತೆ.” ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಕಣ್ಣೀರು ಬಂದುಬಿಟ್ಟಿತು. ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

ಅವಳು ಬಾಗಿಲಿಗೆ ಕೈ ಹಾಕಿದಳು. ಅವನು ಆ ಕೈ ಹಿಡಿದುಕೊಂಡ. ಅವಳು ಚೀಲ ಕೆಳಗಿಟ್ಟು ಅವನ ಪಕ್ಕದಲ್ಲೇ ಕೂತಳು. ಒಳಗೆ ತುಂಡುಗಳು ತಾಗುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ತಾಗುತ್ತಿದ್ದವು. ಕೆಳಗಿನ ಸೈಕಲ್ ಅಂಗಡಿ ಬಾಗಿಲು ಹಾಕುವವರೆಗೂ ಇಬ್ಬರೂ ಕಾದರು. ಒಳಗಿನಿಂದ ಯಾರೂ ಅವರನ್ನು ಕರೆಯಲಿಲ್ಲ.