ಎಲ್ಲರೂ ಉಂಡ ಮೇಲೆ

1946ರಲ್ಲಿ ನಾನು ದೇವನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹೆಸರೇನೋ ದೊಡ್ಡದು, ಕೈಕೆಳಗೆ ಒಬ್ಬ ಕಾಂಪೌಂಡರು, ಓಡಾಡಲು ಒಂದು ಸೈಕಲ್ಲು, ಅಷ್ಟೆ. ಸುಗ್ಗಿ ಮುಗಿದಿದ್ದ ಒಂದು ಬೆಳಿಗ್ಗೆ ಕುಂದಾಣದ ಕಡೆಯ ರೈತ ಪಿಳ್ಳಪ್ಪ ಬಂದು, ತನ್ನ ತಾಯಿಯನ್ನು ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸೇರಿಸಲು ಸರ್ಟಿಫಿಕೇಟು ಬೇಕೆಂದ. ರೋಗಿಯ ಮುಖ ನೋಡದೆ ಬರೆದುಕೊಡುವ ಡಾಕ್ಟರು ನಾನಲ್ಲ ಎಂದು ಗದರಿ ಸೈಕಲ್ ಹತ್ತಿದೆ.

ಅವನ ತಾಯಿ ಮುನಿಯಮ್ಮನಿಗೆ ಎಪ್ಪತ್ತು ದಾಟಿತ್ತು. ಕಾಯಿಲೆ ಸೆನೈಲ್ ಡಿಮೆನ್ಷಿಯಾ, ಅಂದರೆ ಮುಪ್ಪಿನಲ್ಲಿ ನೆನಪೂ ತಿಳಿವಳಿಕೆಯೂ ಸವೆದುಹೋಗುವುದು. ಮೂವರು ಗಂಡುಮಕ್ಕಳಲ್ಲಿ ಒಬ್ಬನ ಗುರುತೂ ಆಕೆಗೆ ಉಳಿದಿರಲಿಲ್ಲ. ಆದರೆ ಮನೆಯವರು ಹೆದರಿದ್ದು ಮರೆವಿಗಲ್ಲ. ಮುದುಕಿ ಊಟ ಬಿಟ್ಟಿದ್ದಳು. ತಟ್ಟೆ ಇಟ್ಟರೆ ತಳ್ಳುವುದು, ಬಾಯಿಗಿಟ್ಟರೆ ಉಗಿಯುವುದು. ಮೈಯಲ್ಲಿ ಬರೀ ಎಲುಬು, ತೊಗಲು. ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ. ಆಸ್ಪತ್ರೆಗೆ ಕಳಿಸಿದರೆ ಮೂಗಿನಲ್ಲಿ ಕೊಳವೆ ಇಳಿಸಿ ಗಂಜಿ ಹಾಕಬೇಕು. ಆಕೆ ಕಿತ್ತುಕೊಳ್ಳುತ್ತಾಳೆ, ಆಮೇಲೆ ಕೈ ಕಟ್ಟಬೇಕು. ನನಗೆ ಸಂಕಟವಾಯಿತು.

ಬಾಯಿ, ಗಂಟಲು, ಹೊಟ್ಟೆ ಎಲ್ಲ ಪರೀಕ್ಷಿಸಿದೆ. ಹಲ್ಲಿರಲಿಲ್ಲ, ಆದರೆ ಮುದ್ದೆ ನುಂಗಲು ಹಲ್ಲು ಯಾರಿಗೆ ಬೇಕು? ಬೇರೆ ತೊಂದರೆ ಕಾಣಲಿಲ್ಲ. ನನ್ನೆದುರೇ ಬಡಿಸಿ ಎಂದೆ.

ಸೊಸೆ ಲಕ್ಷ್ಮಮ್ಮ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಮಕ್ಕಳು ಮೂವರೂ ಗೋಡೆಗೊರಗಿ ನಿಂತರು. ಮುದುಕಿ ತಟ್ಟೆ ತಳ್ಳಿದಳು. ನಾನು ಎದುರಿಗೇ ಕೂತಿದ್ದರಿಂದ ಕಂಡಿತು: ಅದನ್ನು ನೇರ ನನ್ನ ಮುಂದಕ್ಕೇ ತಳ್ಳಿದ್ದಳು. ಮತ್ತೆ ಇಟ್ಟರೆ ಪಿಳ್ಳಪ್ಪನ ಕಡೆಗೆ ತಳ್ಳಿದಳು.

"ನೀವೆಲ್ಲ ಉಂಡ್ರೇನಯ್ಯ?" ಎಂದೆ.

"ಎಲ್ಲಿ ಸ್ವಾಮಿ, ಅವ್ವ ಉಣ್ದೆ ನಾವೆಂಗೆ ಉಣ್ಣಾದು? ಅವ್ಳ ಬಾಯಿಗೆ ತುತ್ತು ಹೋಗೋಗಂಟ ಈ ಮನೇಲಿ ನಾವು ಊಟಕ್ಕೆ ಕೂರಕಿಲ್ಲ ಅಂತ ಮೂರು ಜನಾನೂ ಆಣೆ ಇಟ್ಕೊಂಡಿದೀವಿ," ಎಂದ ಪಿಳ್ಳಪ್ಪ. ಸುಗ್ಗಿಯಲ್ಲಿ ಇವರು ಹೊಲದಲ್ಲೇ ಉಣ್ಣುತ್ತಿದ್ದಾಗ ಮುದುಕಿ ಊಟ ಬಿಟ್ಟದ್ದಂತೆ; ಆಣೆಯ ಮೇಲೂ ಹೊಲದಲ್ಲೇ ಏನಾದರೂ ತಿಂದುಕೊಳ್ಳುತ್ತಿದ್ದರಂತೆ.

"ಮೊದಲು ಹೆಂಗಿತ್ತಮ್ಮ?" ಎಂದು ಸೊಸೆಯನ್ನು ಕೇಳಿದೆ.

"ಗಂಡಸ್ರು ಉಣ್ದೆ ನಮ್ಮತ್ತೆ ಒಂದಿನಾನೂ ತಟ್ಟೆ ಮುಟ್ದೋರಲ್ಲ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಗಂಡಸರು ಉಣ್ಣಲಿ ಎಂದು ತಾಯಿ ಕಾಯುತ್ತಿದ್ದಾಳೆ, ತಾಯಿ ಉಣ್ಣಲಿ ಎಂದು ಮಕ್ಕಳು ಕಾಯುತ್ತಿದ್ದಾರೆ. ಈ ಪ್ರೀತಿಯಲ್ಲೇ ಒಂದು ಜೀವ ಹೋಗುವುದರಲ್ಲಿತ್ತು.

"ಆಣೆಗೀಣೆ ಅತ್ಲಾಗಿಟ್ಟು ಕೂತ್ಕೊಳ್ರಯ್ಯ. ನನಗೂ ಒಂದು ತಟ್ಟೆ ಹಾಕಮ್ಮ. ಬಡಿಸೋದು ಮಾತ್ರ ನಿಮ್ಮತ್ತೆ," ಎಂದೆ.

ಸೊಸೆ ಪಾತ್ರೆ ಮುಂದಿಟ್ಟಳು, ಮುದುಕಿ ಬಡಿಸಿದಳು. ಒಬ್ಬನಿಗೆ ಎರಡು ಮುದ್ದೆ ಬಿತ್ತು, ಇನ್ನೊಬ್ಬನಿಗೆ ಬರೀ ಸಾರು. ತಟ್ಟೆಗೆ ಬಿದ್ದದ್ದನ್ನೇ ಎಲ್ಲರೂ ಉಂಡೆವು. ನಾವೆಲ್ಲ ಕೈತೊಳೆದ ಮೇಲೆ ಆಕೆ ಒಲೆಯ ಪಕ್ಕ ಕೂತು, ತಟ್ಟೆ ಎಳೆದುಕೊಂಡು ಅರ್ಧ ಮುದ್ದೆ ಉಂಡಳು. ಪಿಳ್ಳಪ್ಪ ಎದ್ದು ಅಂಗಳಕ್ಕೆ ಹೋಗಿ ಅತ್ತ. ಸರ್ಟಿಫಿಕೇಟಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ನಾನು ಹಗುರವಾಗಿ ಸೈಕಲ್ ತುಳಿದುಕೊಂಡು ಊರಿಗೆ ಬಂದೆ.

ಕಾಯಿಲೆ ವಾಸಿಯಾಗಲಿಲ್ಲ, ಆಗುವಂಥದ್ದೂ ಅಲ್ಲ. ಆದರೆ ವಾಸಿಯಾಗದ ರೋಗಿಗೂ ದಿನಗಳು ಹಿತವಾಗಿ ಕಳೆಯಬಹುದು. ಅದಕ್ಕೆ ಆಕೆಯಲ್ಲಿ ಇನ್ನೂ ಏನು ಉಳಿದಿದೆಯೆಂದು ನೋಡಬೇಕು ಎಂಬುದನ್ನು ನನ್ನ ವೃತ್ತಿ ಆ ಮನೆಯಲ್ಲಿ ಕಲಿಸಿತು.

ಕೆಲವು ತಿಂಗಳ ಮೇಲೆ ಹೋದಾಗ ಮುನಿಯಮ್ಮ ಮೈ ತುಂಬಿಕೊಂಡಿದ್ದಳು. ಪಿಳ್ಳಪ್ಪನನ್ನು ತೋರಿಸಿ, "ಇವನ್ಯಾರು ಗೊತ್ತಾ ತಾಯಿ?" ಎಂದೆ.

"ಯಾರೋ ಕಾಣೆ ಕಣಪ್ಪ," ಎಂದಳು. "ದಿನಾ ಹಸ್ಕೊಂಡು ಬತ್ತಾನೆ. ಇಕ್ತೀನಿ."

ಪಿಳ್ಳಪ್ಪ ನಗುತ್ತಾ ತಟ್ಟೆ ಮುಂದೆ ಮಾಡಿದ.