ಮೂರು ಗಾಲಿಗೆ ಮೂರು ನಿಂಬೆಹಣ್ಣು

ಈ ಸಲದ ಖಂಡೇನವಮಿಯ ಬೆಳಿಗ್ಗೆ ಆಯುಧಪೂಜೆಗೆಂದು ಹಿತ್ತಲಿನ ಶೆಡ್ಡು ಗುಡಿಸುತ್ತಿದ್ದೆ. ಪೊರಕೆಯ ತುದಿ ತಗುಲಿ ಮೂಲೆಯಲ್ಲಿದ್ದ ಡಬ್ಬಿಯೊಂದು ಉರುಳಿತು. ತುಕ್ಕು ಬಿಡಿಸುವ ಎಣ್ಣೆ. ಮುಚ್ಚಳ ಸಡಿಲವಾಗಿತ್ತೇನೋ, ಒಂದಿಷ್ಟು ನೆಲಕ್ಕೆ ಚೆಲ್ಲಿತು. ಸೀಮೆಎಣ್ಣೆಯಂಥದೇ, ಆದರೆ ಇನ್ನೂ ಖಾರವಾದ ಆ ವಾಸನೆ ಶೆಡ್ಡಿನ ತುಂಬ ಹರಡಿತು. ನಾನು ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟೆ. ಬಲಗಡೆಯ ಸ್ಟೂಲಿನ ಮೇಲೆ ಕೆಳಗಿನ ಅಜ್ಜ ಕೂತಿದ್ದಾರೆ, ಈಗ ಕಿವಿಯ ಹಿಂದೆ ಕೈ ಇಟ್ಟುಕೊಂಡು "ಏನಂತೈತಿ?" ಎಂದು ಕೇಳುತ್ತಾರೆ ಅನ್ನಿಸಿತು...

ಕೆಳಗಿನ ಅಜ್ಜ ಎಂದರೆ ನಮ್ಮ ಮನೆಯ ಮಾಲೀಕರು. ಸ್ಟುಟ್‌ಗಾರ್ಟಿನ ಹೊರಗೆ, ಸ್ಟಾಟ್‌ಬಾನ್ ಹಳಿ ಮುಗಿದ ಮೇಲೆ ಬಸ್ಸು ಹಿಡಿದು ಗುಡ್ಡ ಹತ್ತಿದರೆ ಸಿಗುವ ಊರು ಇದು. ಇಲ್ಲಿ ಅವರ ಮನೆಯ ಮೇಲ್ಮಹಡಿಗೆ ನಾವು ಗಂಡ ಹೆಂಡತಿ ಬಾಡಿಗೆಗೆ ಬಂದೆವು. ತಮ್ಮ ಹೆಂಡತಿ ಸತ್ತ ಮೇಲೆ ಅಜ್ಜ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಮೊದಮೊದಲು ನಮಗೆ ಅವರೆಂದರೆ ಸ್ವಲ್ಪ ಭಯ. ಈ ಕಡೆ ಮೆಟ್ಟಿಲು, ಅಂಗಳ ಗುಡಿಸುವುದಕ್ಕೆ ಮನೆಗೊಂದು ವಾರದ ಪಾಳಿ ಇರುತ್ತದೆ. ಕೇರ್‌ವೋಖೆ ಎನ್ನುತ್ತಾರೆ. ನಮ್ಮ ಪಾಳಿ ಬಂದಾಗ ಅಜ್ಜ ನಮ್ಮ ಬಾಗಿಲಿಗೆ ಪಾಳಿಯ ಗುರುತಿನ ಮರದ ಫಲಕ ತೂಗುಹಾಕಿ, ಗುಡಿಸಿದ ಮೇಲೆ ಬಂದು ಮೆಟ್ಟಿಲಿನ ಸಂದಿಯಲ್ಲಿ ಬೆರಳಾಡಿಸಿ ನೋಡುತ್ತಿದ್ದರು. "ಅತ್ತಿ ಕಾಟ ತಪ್ಪಿಸ್ಕೊಂಡು ಇಷ್ಟು ದೂರ ಬಂದ್ರ, ಇಲ್ಲೆ ಇವರು ಸಿಕ್ಕರಲ್ರೀ" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಕೆಳಗಿನ ಅಜ್ಜ ಎಂದು ಹೆಸರಿಟ್ಟವಳೂ ಅವಳೇ.

ನಾನು ಜರ್ಮನ್ ಕಲಿತದ್ದು ತರಗತಿಯಲ್ಲಿ. ಅಜ್ಜ ಆಡುತ್ತಿದ್ದದ್ದು ಈ ಗುಡ್ಡದ ಜರ್ಮನ್. ಶಬ್ದದ ಬಾಲ ಕತ್ತರಿಸಿ, ರಾಗ ಎಳೆದು, ಪಟ್ಟಣದವರು ಏನಂದುಕೊಂಡಾರು ಎಂಬ ಹಂಗಿಲ್ಲದೆ ಆಡುವ ಮಾತು. ಗದಗದವನಾದ ನನಗೆ ಅದು ಪರಕೀಯ ಅನ್ನಿಸಲೇ ಇಲ್ಲ. ಅದಕ್ಕೇ ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತಿದ್ದೇನೆ. ಬೇರೆ ರೀತಿ ಅದು ನನ್ನ ಕಿವಿಗೆ ಬರುವುದೇ ಇಲ್ಲ.

ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಒಂದು ಗಾಡಿ ಇತ್ತು. ಮುಂದೆ ಒಂದು, ಹಿಂದೆ ಎರಡು ಗಾಲಿ. ಬಲೂನಿನಂತೆ ಉಬ್ಬಿದ ಟೈರು, ಮೋಟರ್‌ಸೈಕಲ್ಲಿನಂಥ ಹ್ಯಾಂಡಲ್ಲು, ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ನು. ಕಲ್ಲು ಕೆಸರು ಎನ್ನದೆ ಎಲ್ಲೆಂದರಲ್ಲಿ ಹತ್ತುವ ಇಂಥ ಮೂರು ಗಾಲಿಯ ಗಾಡಿಗಳು ಹಿಂದೆ ಒಂದು ಕಾಲದಲ್ಲಿ ಬಂದಿದ್ದವಂತೆ. ಉರುಳಿ ಬಿದ್ದು ಜನ ಕೈಕಾಲು ಮುರಿದುಕೊಂಡ ಮೇಲೆ ತಯಾರಿಸುವುದನ್ನೇ ನಿಲ್ಲಿಸಿದರಂತೆ. ಗುಡ್ಡದ ಇಳಿಜಾರಿನಲ್ಲಿ ಅಜ್ಜನಿಗೆ ಒಂದು ಸೇಬಿನ ತೋಟ. ವಯಸ್ಸಿದ್ದಾಗ ಈ ಗಾಡಿಯ ಮೇಲೆ ಹೋಗಿ, ಹಿಂದೆ ಬುಟ್ಟಿ ಕಟ್ಟಿಕೊಂಡು ಹಣ್ಣು ತರುತ್ತಿದ್ದರು. ಆಮೇಲೆ ಗಾಡಿ ಕೆಟ್ಟಿತು, ಮೊಣಕಾಲೂ ಕೆಟ್ಟವು. ಅಡುಗೆಮನೆಯ ಕಿಟಕಿಯಿಂದ ಮರದ ತಲೆಗಳಷ್ಟೇ ಕಾಣುತ್ತಿದ್ದವು. ಹಣ್ಣು ಉದುರಿ ಕೊಳೆಯುತ್ತಿದ್ದವು. ಇಂಗೋಲ್‌ಸ್ಟಾಟ್‌ನಲ್ಲಿ ಕೆಲಸದಲ್ಲಿದ್ದ ಮಗಳು ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದರೆ ಕೇಳಲೊಲ್ಲರು.

"ನನ್ನ ತೋಟಕ್ಕ ನನ್ನ ಹೊತ್ಕೊಂಡು ಹೋಗಾಕ ನಾ ಏನ್ ಹೆಣ ಏನು?" ಅನ್ನುವರು. ಹೋದರೆ ತಮ್ಮ ಗಾಡಿಯ ಮೇಲೆಯೇ ಹೋಗಬೇಕು, ಇಲ್ಲದಿದ್ದರೆ ಇಲ್ಲ.

ಹೀಗೆ ಒಂದು ವಸಂತದಲ್ಲಿ ಗಾಡಿ ರಿಪೇರಿಗೆ ಅಜ್ಜ ನನ್ನನ್ನು ಕರೆದರು, ಟಾರ್ಪಾಲು ಸರಿಯಿತು. ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಎನ್ನುವುದೊಂದೇ ನನ್ನ ಅರ್ಹತೆ. ಕಂಪ್ಯೂಟರಿನ ಹೊರಗೆ ಒಂದು ಬೋಲ್ಟು ಬಿಚ್ಚಿ ಎಷ್ಟು ಕಾಲವಾಗಿತ್ತೋ. ಭಾನುವಾರ ಸುತ್ತಿಗೆಯ ಸದ್ದಾದರೆ ಓಣಿಯೇ ಎದ್ದು ಬರುತ್ತದೆ, ಹೀಗಾಗಿ ಶನಿವಾರಗಳೇ ನಮ್ಮವು. ಅಜ್ಜ ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ನೆಲದ ಮೇಲೆ ಕೂತು ಬಿಚ್ಚುವುದು. ಎಣ್ಣೆ ಹಾಕಿ, ಕಾದು, ಮತ್ತೆ ಹಾಕಿ... ತಂತಿಯ ಬ್ರಷ್ಷಿನಿಂದ ತಿಕ್ಕಿದರೆ ತುಕ್ಕು ಇಟ್ಟಿಗೆಯ ಪುಡಿಯ ಹಾಗೆ ಉದುರುತ್ತಿತ್ತು. ನನ್ನ ಅಂಗಿಗಳನ್ನು ಹೆಂಡತಿ ಬೇರೆಯೇ ಒಗೆಯತೊಡಗಿದಳು. ಎಂಜಿನ್ನು ಅಷ್ಟೇನೂ ಕಾಡಲಿಲ್ಲ. ಚಿಂತೆ ಇದ್ದದ್ದು ಫ್ರೇಮಿನದು. ಪೈಪಿನ ಮೇಲಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಒಳಗಿನಿಂದ ತಿಂದದ್ದು ಕಾಣುವುದಿಲ್ಲ.

ಅದನ್ನು ತಿಳಿಯುವುದಕ್ಕೆ ಅಜ್ಜನಿಗೆ ಗೊತ್ತಿದ್ದದ್ದು ಒಂದೇ ದಾರಿ, ಚಿಕ್ಕ ಸುತ್ತಿಗೆಯಿಂದ ಬಡಿದು ಕೇಳುವುದು. ನನಗೂ ಅದು ಹೊಸದಲ್ಲ. ಗದಗದ ಸಂತೆಯಲ್ಲಿ ನನ್ನ ಅವ್ವ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡದೆ ಒಂದನ್ನೂ ಮನೆಗೆ ತಂದವಳಲ್ಲ. ಆದರೆ ಅಜ್ಜ ಇಡೀ ಆಯುಷ್ಯ ಲೋಹದ ಹಾಳೆ ಒತ್ತುವ ಯಂತ್ರಗಳ ಗದ್ದಲದಲ್ಲಿ ದುಡಿದವರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಮಾತು ಕೂಗಿ ಹೇಳಿದರೆ ಕೇಳುತ್ತಿತ್ತು, ಠಣ್ ಯಾವುದು ದಬ್ ಯಾವುದು ತಿಳಿಯುತ್ತಿರಲಿಲ್ಲ. "ಬಡಿಯಾಕ ನನ್ನ ಕೈ ಸಾಕು. ಕೇಳಾಕ ನಿಮ್ಮ ಕಿವಿ ಬೇಕು" ಅಂದರು.

ಬಡಿದು ನೋಡುವ ಶನಿವಾರಕ್ಕೆ ಮೊದಲು ಇಂಗೋಲ್‌ಸ್ಟಾಟ್‌ನಿಂದ ಮಗಳ ಫೋನು ಬಂತು. ಅವಳದು ಊರು ಬಿಟ್ಟವರ ಅಚ್ಚುಕಟ್ಟಾದ ಜರ್ಮನ್.

"ಅಪ್ಪನ ಎಲುಬು ಈಗ ಬಿಸ್ಕತ್ತಿನ ಹಾಗಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಆ ಇಳಿಜಾರಿನಲ್ಲಿ ಗಾಡಿ ಉರುಳಿದ್ರೆ ಅವರು ಮತ್ತೆ ಏಳೋದಿಲ್ಲ. ನಾನು ಹೇಳಿದ್ರೆ ಜಗಳ ಆಗುತ್ತೆ. ನೀವು ಹೇಳಿದ್ರೆ ಕೇಳ್ತಾರೆ. ಫ್ರೇಮ್ ಹೋಗಿದೆ, ರಿಪೇರಿ ಆಗಲ್ಲ ಅಂತ ಹೇಳಿಬಿಡಿ."

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಆದರೆ ಕಿವಿ ಕೇಳದ ಅಜ್ಜ ನನ್ನ ಕಿವಿಯನ್ನು ನಂಬಿ ಕೂತಿದ್ದರು. ಅಂಥವರಿಗೆ ಹುಸಿ ಹೇಳುವುದೆಂದರೆ ಕುರುಡರ ಕೈ ಹಿಡಿದು ಹಳ್ಳಕ್ಕೆ ಇಳಿಸಿದ ಹಾಗೆ. ನಾನು ನೋಡೋಣ ಎಂದಷ್ಟೇ ಹೇಳಿ ಫೋನಿಟ್ಟೆ.

ಶನಿವಾರ ಅಜ್ಜ ಬಡಿಯುತ್ತ ಹೋದರು, ನಾನು ಕಿವಿಗೊಟ್ಟು ಕೇಳುತ್ತ ಹೋದೆ. ಮುಂದಿನ ಫೋರ್ಕು ಠಣ್. ಟ್ಯಾಂಕಿನ ಕೆಳಗಿನದು ಠಣ್. ಪ್ರತಿ ಸಲವೂ ಕೈಯನ್ನು ಕಿವಿಯ ಹಿಂದೆ ಇಟ್ಟು, "ಏನಂತೈತಿ?" "ಛಲೋ ಐತ್ರಿ ಅಜ್ಜಾರ." ಒಂದೊಂದು ಠಣ್ಣಿಗೂ ಅವರ ಮುಖ ಅರಳುತ್ತಿತ್ತು, ನನ್ನ ಎದೆ ಕುಸಿಯುತ್ತಿತ್ತು. ಕೊನೆಗೆ ಸೀಟಿನ ಕೆಳಗೆ, ಹಿಂದಿನ ಗಾಲಿಗಳ ಅಚ್ಚನ್ನು ಹಿಡಿದುಕೊಂಡ ಪೈಪಿಗೆ ಸುತ್ತಿಗೆ ತಾಗಿದಾಗ ಬಂದದ್ದು ದಬ್. ಒಡಕು ಗಡಿಗೆಯ ಸದ್ದು. ಹೋದ ಜೀವ ಬಂದಂತಾಯಿತು ನನಗೆ. ಹುಸಿ ಹೇಳುವ ಪ್ರಸಂಗವೇ ಬರಲಿಲ್ಲವಲ್ಲ!

"ಇದು ಹೋಗೇತ್ರಿ ಅಜ್ಜಾರ. ಒಳಗ ಪೂರಾ ತಿಂದೈತಿ" ಎಂದು ಕೂಗಿದೆ. ಅಜ್ಜ ಸ್ಕ್ರೂಡ್ರೈವರ್ ತೆಗೆದುಕೊಂಡು ಅಲ್ಲಿ ಒತ್ತಿದರು. ಅದು ಹಪ್ಪಳಕ್ಕೆ ಬೆರಳು ಹಾಕಿದಂತೆ ಒಳಗೆ ಹೋಯಿತು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಭುಜ ತಟ್ಟಿದರು.

"ಭಾಳ ಛಲೋ ಆತು ಗೊತ್ತಾಗಿದ್ದು. ಹಂಗಾರ ಇಷ್ಟು ಕತ್ತರಿಸಿ ಹೊಸಾದು ಹಾಕೂಣ."

ಎಲುಬು ಗಟ್ಟಿ ಇಲ್ಲದಿದ್ದರೇನು, ಕೂತಲ್ಲಿ ಅವರ ಕೈ ನಡುಗುತ್ತಿರಲಿಲ್ಲ. ತುಕ್ಕು ಹಿಡಿದ ತುಂಡು ಕತ್ತರಿಸಿ, ಹೊಸ ಪೈಪು ಕೂರಿಸಿ, ತಾವೇ ವೆಲ್ಡ್ ಮಾಡಿದರು. ಮಗಳಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವಳು ಫೋನಿಟ್ಟುಬಿಟ್ಟಳು. ಇತ್ತ ಅಜ್ಜ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಈ ಸಲ ಹಣ್ಣಿಗೆ ಗಾಡಿಯ ಮೇಲೇ ಹೋಗುತ್ತೇನೆ ಎಂದು ಬ್ರೆಡ್ಡಿನ ಅಂಗಡಿಯಿಂದ ಹಿಡಿದು ಓಣಿಗೆಲ್ಲ ಸಾರಿಬಿಟ್ಟಿದ್ದರು.

ಸೆಪ್ಟೆಂಬರಿನಲ್ಲಿ ಎಂಜಿನ್ನು ಚಾಲೂ ಆಯಿತು. ಮೊದಲು ನೀವು ಅಂಗಳದಲ್ಲಿ ಒಂದು ಸುತ್ತು ಹಾಕಿ ಅಂದರು. ನಾನು ಹುಡುಗನಾಗಿದ್ದಾಗಿನಿಂದ ಮೋಟರ್‌ಸೈಕಲ್ಲು ಹೊಡೆದವನು. ಇದೇನು ಮಹಾ ಎಂದು ಹತ್ತಿದೆ. ತಿರುವಿನಲ್ಲಿ ಗಾಡಿ ವಾಲಿತು, ನಮ್ಮೂರಲ್ಲಿ ಎಲ್ಲರೂ ಮಾಡುವ ಹಾಗೆ ಕಾಲು ಕೆಳಗೆ ಕೊಟ್ಟೆ. ಈ ಗಾಡಿಯಲ್ಲಿ ಮಾಡಬಾರದ್ದು ಅದೊಂದೇ. ಹಿಂದಿನ ಗಾಲಿ ಕಾಲಿನ ಮೇಲೆ ಹತ್ತಿ, ನನ್ನನ್ನು ಕೆಡವಿ ಹಾಯ್ದುಹೋಯಿತು. ಮಳೆ ಬಂದು ನೆಲ ಮೆತ್ತಗಿತ್ತು, ಟೈರಿನಲ್ಲಿ ಗಾಳಿ ಕಡಿಮೆ ಇತ್ತು, ದಪ್ಪ ಬೂಟಿತ್ತು. ಕೆಸರು ಮೆತ್ತಿದ್ದು ಬಿಟ್ಟರೆ ಏನೂ ಆಗಲಿಲ್ಲ. ನಾನು ನಗುತ್ತ ಎದ್ದೆ. ಅಜ್ಜ ನಗಲಿಲ್ಲ. ನನ್ನ ಬೂಟಿನ ಮೇಲಿನ ಟೈರಿನ ಗುರುತನ್ನು ನೋಡುತ್ತಲೇ ಇದ್ದರು. ಆಮೇಲೆ ಒಳಗೆ ಹೋಗಿ, ಆ ದಿನ ಮತ್ತೆ ಹೊರಗೆ ಬರಲಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡೆ.

ಹಣ್ಣಿನ ಕಾಲವೂ ನವರಾತ್ರಿಯೂ ಕೂಡಿಯೇ ಬಂದವು. ಪೂಜೆಯಿಲ್ಲದೆ ಗಾಡಿ ಹೊರಗೆ ಹೋಗಬಾರದು ಎಂದು ನನ್ನ ಹೆಂಡತಿ ಹಠ ಹಿಡಿದಳು. ಖಂಡೇನವಮಿಯ ದಿನ ಅಜ್ಜ ತಮ್ಮ ಪಾಳಿ ಇಲ್ಲದಿದ್ದರೂ ಅಂಗಳ ಗುಡಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಮಗಳು ಬೆಳಿಗ್ಗೆಯೇ ಇಂಗೋಲ್‌ಸ್ಟಾಟ್‌ನಿಂದ ಬಂದು ಶೆಡ್ಡಿನ ಗೋಡೆಗೆ ಒರಗಿದ್ದಳು. ಅವಳು ನನ್ನ ಮುಖ ನೋಡಲಿಲ್ಲ. ಬೇಲಿಯ ಆಚೆ ಓಣಿಯವರು ನಾಲ್ಕು ಮಂದಿ. ಹೆಂಡತಿ ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿದಳು, ಹೊಸ ಪೈಪಿಗೆ ವಿಭೂತಿ ಕುಂಕುಮ ಹಚ್ಚಿದಳು, ಮೂರು ಗಾಲಿಗೆ ಮೂರು ನಿಂಬೆಹಣ್ಣು ಇಟ್ಟಳು, ಕಾಯಿ ಒಡೆದಳು. ಎಲ್ಲ ಆಯಿತು. ಅಜ್ಜ ಗಾಡಿಯ ಹತ್ತಿರ ಹೋಗಿ ಸೀಟಿನ ಮೇಲೆ ಕೈಯಿಟ್ಟರು. ಹತ್ತಲಿಲ್ಲ. "ಈಗ ನಾ ಹತ್ತಬೇಕಲ್ಲ?" ಎಂದು ನನ್ನನ್ನು ಕೇಳಿದರು.

ನಮ್ಮ ಮನೆಯಲ್ಲಾದರೆ ಪೂಜೆಯಾದ ಕೂಡಲೇ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹಾಯಿಸುತ್ತೇವೆ. ಆದರೆ ನನ್ನ ಹೆಂಡತಿ ಬೆಟಗೇರಿಯ ನೇಕಾರರ ಮನೆಯವಳು. ಅವರಲ್ಲಿ ಖಂಡೇಪೂಜೆಗೆ ಕೂತ ಮಗ್ಗವನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ಅವಳು ನನಗಿಂತ ಮೊದಲೇ ಅಂದಳು:

"ಇವತ್ತ ಮುಟ್ಟಂಗಿಲ್ಲ ಅಂತ ಹೇಳ್ರಿ ಅವರಿಗೆ. ವರ್ಷಾನಗಟ್ಟಲೆ ದುಡದದ್ದಕ್ಕ ಇವತ್ತ ಸೂಟಿ."

ಇವತ್ತು ಗಾಡಿಗೆ ರಜೆ, ಮುಟ್ಟುವಂತಿಲ್ಲ ಎಂದು ನಾನು ಅಜ್ಜನ ಬಲಗಿವಿಗೆ ಜರ್ಮನ್‌ನಲ್ಲಿ ಕೂಗಿ ಹೇಳಿದೆ. ಅವರ ಭುಜಗಳು ಇಳಿದವು. ನಿರಾಸೆಯಾಯಿತು ಎಂದೇ ನಾನು ತಿಳಿದೆ. ಆದರೆ ಅವರು ಉದ್ದಕ್ಕೆ ಉಸಿರು ಬಿಟ್ಟು, ಸ್ಟೂಲಿನ ಮೇಲೆ ಕೂತು, ಬೇಲಿಯಾಚೆಯವರಿಗೆ ಕೇಳುವ ಹಾಗೆ, "ಸೂಟಿ ಅಂತ! ಪೂಜಾದ ದಿನ ಮುಟ್ಟಬಾರದಂತ!" ಎಂದು ಸಾರಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ನನಗಷ್ಟೇ ಕೇಳಿಸುತ್ತದೆಂದು ತಿಳಿದು, ನಿಜಕ್ಕೂ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಪಿಸುಗುಟ್ಟಿದರು.

"ನಿಮ್ಮ ಕಾಲ ಮ್ಯಾಲೆ ಗಾಲಿ ಹೋದ ದಿನದಿಂದ ನನಗ ನಿದ್ದಿಲ್ಲ. ಊರಿಗೆಲ್ಲ ಹೇಳಿಬಿಟ್ಟಿದ್ದೆ. ಹೆಂಗ ಬ್ಯಾಡ ಅನ್ನೂದು ತಿಳೀಲಿಲ್ಲ." ಕಿವಿಯ ಹಿಂದೆ ಕೈಯಿಟ್ಟು ಕೇಳಿದರು, "ಈ ಸೂಟಿ ಎಷ್ಟು ದಿನ ಇರತೈತಿ?"

ನಿಜವೆಂದರೆ ಒಂದೇ ದಿನ, ನಾಳೆ ದಸರೆಯ ಬನ್ನಿ ಕೊಟ್ಟ ಮೇಲೆ ಮತ್ತೆ ಕೆಲಸ ಶುರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಗಾಲಿಯ ಕೆಳಗಿನ ನಿಂಬೆಹಣ್ಣು ಸರಿಮಾಡತೊಡಗಿದಳು. "ಇಷ್ಟು ಹಳೇ ಗಾಡಿಗೆ ಎಷ್ಟು ದಿನ ಅಂತ ನಮ್ಮಲ್ಲಿ ಲೆಕ್ಕ ಇಲ್ರಿ ಅಜ್ಜಾರ" ಅಂದೆ. ಗೋಡೆಗೆ ಒರಗಿದ್ದ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನನಗೂ ಕೂತುಬಿಡಬೇಕು ಅನ್ನಿಸಿತು. ಇಡೀ ಬೇಸಿಗೆ ಎದೆಯ ಮೇಲಿದ್ದ ಕಲ್ಲು ಇಳಿದಿತ್ತು. ಅದು ಅಜ್ಜನ ಎದೆಯ ಮೇಲೂ ಇತ್ತು ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಅವತ್ತು ಮಧ್ಯಾಹ್ನ ಅವರು ತಾವಾಗಿ ಮಗಳ ಕಾರಿನಲ್ಲಿ ಕೂತರು. "ಗಾಡಿಗೆ ಸೂಟಿ ಇದ್ದರ ಏನ್ ಮಾಡೂದು" ಎಂದು ಓಣಿಗೆ ಕಾರಣವನ್ನೂ ಹೇಳಿದರು. ಟಾರು ರಸ್ತೆ ಮುಗಿದಲ್ಲಿಂದ ಒಂದು ಕೈ ಮಗಳ ತೋಳಿಗೆ, ಒಂದು ಕೈ ನನ್ನ ತೋಳಿಗೆ ಕೊಟ್ಟು ತೋಟದವರೆಗೆ ನಡೆದರು. ಮರದ ಕೆಳಗೆ ಕೂತು, ಬಿದ್ದ ಹಣ್ಣೊಂದನ್ನು ಅಂಗಿಗೆ ಒರೆಸಿ ಕಚ್ಚಿ, ನನಗೂ ಒಂದು ಕೊಟ್ಟರು. ಹುಣಸೆಯಷ್ಟು ಹುಳಿ. ಪೂರ್ತಿ ತಿಂದೆ.

ಆಮೇಲಿನ ವರ್ಷಗಳಲ್ಲಿ ಅವರು ಶೆಡ್ಡಿನ ಮುಂದೆ ನನ್ನನ್ನು ಕಂಡಾಗಲೆಲ್ಲ, "ಇವತ್ತೂ ಸೂಟಿನ?" ಎಂದು ಕೇಳುವುದು, "ಇವತ್ತೂ ಸೂಟಿರಿ" ಎಂದು ನಾನು ಹೇಳುವುದು ರೂಢಿಯಾಯಿತು. ಪ್ರತಿ ಖಂಡೇನವಮಿಗೆ ಬಡಿದು ನೋಡಿ, ಪೂಜೆ ಮಾಡಿ, ಮೂರು ಹೊಸ ನಿಂಬೆಹಣ್ಣು ಇಡುತ್ತಿದ್ದೆವು. ಪೂಜೆ ಮುಗಿಸಿ ಮಗಳ ಕಾರಿನಲ್ಲಿ ತೋಟಕ್ಕೆ...

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಸೂಪು ಕುಡಿದು ಅಡ್ಡಾದ ಅಜ್ಜ ಏಳಲಿಲ್ಲ. ನೋಡಲು ಬಂದಿದ್ದ ಮಗಳು ಪಕ್ಕದ ಕೋಣೆಯಲ್ಲೇ ಇದ್ದಳು. ಇಳಿಜಾರಿನಲ್ಲಿ ಗಾಡಿಯ ಕೆಳಗೆ ಅಲ್ಲ, ಆಸ್ಪತ್ರೆಯ ನಳಿಗೆಗಳ ನಡುವೆ ಅಲ್ಲ, ತಮ್ಮ ಹಾಸಿಗೆಯಲ್ಲಿ. ಅದನ್ನು ನೆನೆದಾಗಲೆಲ್ಲ ದುಃಖಕ್ಕಿಂತ ಮೊದಲು ಸಮಾಧಾನವೇ ಬರುತ್ತದೆ. ದುಃಖ ಆಮೇಲೆ, ಹೀಗೆ ಯಾವುದೋ ಡಬ್ಬಿ ಉರುಳಿದಾಗ ಬರುತ್ತದೆ.

ಚೆಲ್ಲಿದ ಎಣ್ಣೆಯನ್ನು ಒರೆಸಿದೆ. ಹೆಂಡತಿ ನಿಂಬೆಹಣ್ಣು ತಂದಿಟ್ಟಳು. ಮಗಳು ದಾರಿಯಲ್ಲಿದ್ದೇನೆ ಎಂದು ಫೋನು ಮಾಡಿದ್ದಳು. ಪೂಜೆಗೆ ಮೊದಲು ಎಂದಿನಂತೆ ಚಿಕ್ಕ ಸುತ್ತಿಗೆ ತೆಗೆದುಕೊಂಡು, ಸೀಟಿನ ಕೆಳಗೆ ಅಜ್ಜ ಬೆಸೆದ ಪೈಪನ್ನು ಬಡಿದೆ. ಠಣ್ ಎಂದಿತು. ಒಂದಿಷ್ಟೂ ತುಕ್ಕು ಹಿಡಿದಿಲ್ಲ. "ಛಲೋ ಐತ್ರಿ ಅಜ್ಜಾರ" ಎಂದು ಬಲಗಡೆಗೆ ತಿರುಗಿ ಕೂಗಿದೆ. ಸ್ಟೂಲಿನ ಮೇಲೆ ಯಾರೂ ಇರಲಿಲ್ಲ.